ಚಳಿಗಾಲದ ಗಾಳ: ರೀಲಿನ ಶುಚಿತ್ವ ಮತ್ತು ಎಣ್ಣೆಯ ಲೆಕ್ಕ

ಗಾಳದ ಕೋಲಿಗೆ ಜೋಡಿಸಿ, ದಾರವನ್ನು ಬಿಡಲು ಹಾಗೂ ಮರಳಿ ಸುತ್ತಿಕೊಳ್ಳಲು ಬಳಸುವ ಪುಟ್ಟ ಯಂತ್ರವೇ ರೀಲು. ಬಿದಿರ ಕೋಲಿಗೆ ದಾರ ಕಟ್ಟಿ ಗಾಳ ಹಾಕುವವರಿಗೆ ಎಣ್ಣೆಯ ಗೊಡವೆಯಿಲ್ಲ. ರೀಲು ಹಾಗಲ್ಲ. ಅಂಗೈಯಗಲದ ಈ ಸಾಧನದೊಳಗೆ ಹಲ್ಲುಚಕ್ರ, ಬೇರಿಂಗ್, ಸ್ಪ್ರಿಂಗ್, ತೆಳುವಾದ ವಾಷರ್‌ಗಳು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಬೇಸಿಗೆಯಲ್ಲಿ ಸಲೀಸಾಗಿ ತಿರುಗುತ್ತಿದ್ದ ರೀಲು ಡಿಸೆಂಬರ್‌ನ ನಸುಕಿನಲ್ಲಿ ಬಿಗಿಯಾಗಿ ತಿರುಗುವುದು ಹವ್ಯಾಸಿಗಳ ಸಾಮಾನ್ಯ ದೂರು. ಇದಕ್ಕೆ ಕಾರಣವೇನು, ಪರಿಹಾರವೇನು ಎಂಬುದನ್ನು ಧಾರವಾಡ ಜಿಲ್ಲೆಯ ಗ್ರಾಮೀಣ ಭಾಗದ ಹವೆ ಮತ್ತು ಮಣ್ಣನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಚಳಿಯಲ್ಲಿ ಆಗುವುದೇನು?

ಉಷ್ಣಾಂಶ ಇಳಿದಂತೆ ಎಣ್ಣೆ ಮತ್ತು ಗ್ರೀಸುಗಳ ಸ್ನಿಗ್ಧತೆ ಹೆಚ್ಚುತ್ತದೆ, ಅಂದರೆ ಅವು ಗಟ್ಟಿಯಾಗುತ್ತವೆ. ಹಿಮ ಬೀಳುವ ದೇಶಗಳಲ್ಲಿ ರೀಲಿನೊಳಗಿನ ನೀರಿನ ಹನಿಯೇ ಹೆಪ್ಪುಗಟ್ಟುವುದರಿಂದ ಅಲ್ಲಿನ ಕೈಪಿಡಿಗಳು ವಿಶೇಷ ಶೀತ ಗ್ರೀಸನ್ನು ಸೂಚಿಸುತ್ತವೆ. ಧಾರವಾಡ ಸೀಮೆಯ ಚಳಿ ಆ ಬಗೆಯದಲ್ಲ. ಡಿಸೆಂಬರ್-ಜನವರಿಯ ಬೆಳಗಿನ ಜಾವದಲ್ಲಿ ಇಲ್ಲಿಯ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಶುದ್ಧವಾದ ಲಿಥಿಯಂ ಗ್ರೀಸಿಗೆ ಇದೊಂದು ಚಳಿಯೇ ಅಲ್ಲ. ಹೀಗಾಗಿ ನಮ್ಮಲ್ಲಿ ರೀಲು ಬಿಗಿಯಾದರೆ ದೂಷಿಸಬೇಕಾದುದು ಹವೆಯನ್ನಲ್ಲ. ಒಳಗೆ ಉಳಿದ ಹಳೆಯ ಗ್ರೀಸನ್ನು, ಅದರಲ್ಲಿ ಬೆರೆತ ಮಣ್ಣನ್ನು ಮತ್ತು ತಪ್ಪು ಎಣ್ಣೆಯನ್ನು.

ಮನೆಯ ಎಣ್ಣೆ ಏಕೆ ಬೇಡ?

ಕೈಗೆ ಸಿಕ್ಕ ಎಣ್ಣೆಯನ್ನು ಎರಡು ಹನಿ ಬಿಡುವ ರೂಢಿ ಎಲ್ಲೆಡೆ ಇದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸಿಕೊಳ್ಳುವ ಅದೇ ಎಣ್ಣೆ ಬೇರಿಂಗಿನೊಳಗೆ ಮೇಣದಂತೆ ಕೂರುತ್ತದೆ. ನವಲಗುಂದ, ಅಣ್ಣಿಗೇರಿ ಭಾಗದ ಎರೆಹೊಲಗಳಲ್ಲಿ ಬೆಳೆಯುವ ಕುಸುಬಿಯ ಎಣ್ಣೆಯ ತೊಂದರೆ ಬೇರೆ. ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ಒಣಗಿ ಪೊರೆ ಕಟ್ಟುವ ಜಾತಿಯದು. ಆ ಗುಣದಿಂದಾಗಿಯೇ ಅದನ್ನು ಬಣ್ಣಗಳ ತಯಾರಿಕೆಯಲ್ಲಿಯೂ ಬಳಸುತ್ತಾರೆ. ಅಗಸಿ ಎಣ್ಣೆಯಲ್ಲಿ ಈ ಗುಣ ಇನ್ನೂ ಹೆಚ್ಚು. ಶೇಂಗಾ ಎಣ್ಣೆಯೂ ಕಾಲಕ್ರಮದಲ್ಲಿ ಕಮಟಿ ಅಂಟಾಗುತ್ತದೆ. ಬಂಡಿಯ ಕೀಲೆಣ್ಣೆ ದಪ್ಪ ಅಚ್ಚಿಗೆ ಸರಿ, ಸಾಸಿವೆ ಕಾಳಿನಷ್ಟು ಗುಂಡುಗಳಿರುವ ಬೇರಿಂಗಿಗಲ್ಲ.

ಇವುಗಳ ಬದಲು ಹೊಲಿಗೆ ಯಂತ್ರದ ಎಣ್ಣೆ ಸಾಕು. ತೆಳುವಾದ ಈ ಖನಿಜ ತೈಲ ನಮ್ಮ ಚಳಿಗೆ ಗಟ್ಟಿಯಾಗುವುದಿಲ್ಲ ಮತ್ತು ಸಣ್ಣ ಪಟ್ಟಣಗಳ ಅಂಗಡಿಗಳಲ್ಲಿಯೂ ದೊರೆಯುತ್ತದೆ. ಡಬ್ಲ್ಯೂಡಿ-40 ಮಾದರಿಯ ಸ್ಪ್ರೇಗಳು ತೇವವನ್ನು ಹೊರಹಾಕುತ್ತವೆ, ಆದರೆ ಇರುವ ಗ್ರೀಸನ್ನೂ ಕರಗಿಸಿಬಿಡುತ್ತವೆ. ಅವನ್ನು ಎಣ್ಣೆಗೆ ಪರ್ಯಾಯವೆಂದು ಭಾವಿಸಬಾರದು.

ಎರೆಮಣ್ಣಿನ ಕಾಟ

ಬೆಣ್ಣಿಹಳ್ಳ ಹರಿಯುವ ಕುಂದಗೋಳ, ನವಲಗುಂದ ಭಾಗದ ಕಪ್ಪು ಮಣ್ಣು ಹಸಿಯಾದಾಗ ಅಂಟು, ಒಣಗಿದಾಗ ಹಿಟ್ಟಿನಂಥ ಧೂಳು. ಕೆರೆಯ ದಂಡೆಯ ಮೇಲೆ ರೀಲನ್ನು ಒಮ್ಮೆ ಇಟ್ಟರೆ ಸಾಕು, ಹ್ಯಾಂಡಲಿನ ಬುಡದಿಂದ ಧೂಳು ಒಳಸೇರುತ್ತದೆ. ನಸುಕಿನ ಇಬ್ಬನಿ ಲೋಹದ ಮೇಲೆ ಕುಳಿತು ಅದನ್ನು ಕೆಸರಾಗಿಸುತ್ತದೆ. ಗ್ರೀಸಿನೊಡನೆ ಕೂಡಿದ ಈ ಕೆಸರು ಚಳಿಯಲ್ಲಿ ಗಟ್ಟಿಯಾಗುವುದಲ್ಲದೆ, ಅದರಲ್ಲಿರುವ ಮರಳಿನ ಕಣಗಳು ಹಲ್ಲುಚಕ್ರವನ್ನು ಸವೆಸುತ್ತವೆ. ಮೇಲಿಂದ ಮೇಲೆ ಹೊಸ ಎಣ್ಣೆ ಬಿಡುವುದರಿಂದ ಕೊಳೆ ಇನ್ನಷ್ಟು ಒಳಗೆ ಇಳಿಯುತ್ತದೆಯೇ ಹೊರತು ಪ್ರಯೋಜನವಿಲ್ಲ. ಮೊದಲು ತೆಗೆಯುವುದು, ಅನಂತರ ಹಾಕುವುದು: ಇದೇ ಕ್ರಮ.

ಶುಚಿಗೊಳಿಸುವ ವಿಧಾನ

ದೀಪಾವಳಿ ಮುಗಿದು ಎಳ್ಳಮವಾಸ್ಯೆ ಬರುವುದರೊಳಗೆ ಈ ಕೆಲಸ ಮುಗಿಸುವುದು ಒಳಿತು.

1. ಬಿಳಿ ಬಟ್ಟೆ ಹಾಸಿ ಅದರ ಮೇಲೆ ರೀಲನ್ನು ಬಿಚ್ಚಬೇಕು. ಪ್ರತಿ ಹಂತದಲ್ಲಿ ಮೊಬೈಲಿನಿಂದ ಚಿತ್ರ ತೆಗೆದುಕೊಂಡರೆ ವಾಷರ್‌ಗಳ ಅನುಕ್ರಮ ತಪ್ಪುವುದಿಲ್ಲ.

2. ಹಳೆಯ ಗ್ರೀಸನ್ನು ಹತ್ತಿ ಬಟ್ಟೆಯಿಂದ ಒರೆಸಿ, ಉಳಿದುದನ್ನು ಸೀಮೆಎಣ್ಣೆ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಬೇಕು. ಪೆಟ್ರೋಲ್ ಬಳಸಲೇಬಾರದು, ಬೆಂಕಿಯ ಅಪಾಯವಿರುವುದಲ್ಲದೆ ಕೆಲವು ಪ್ಲಾಸ್ಟಿಕ್ ಭಾಗಗಳು ಹಾಳಾಗುತ್ತವೆ. ಗಾಳಿಯಾಡುವ ಸ್ಥಳದಲ್ಲಿ, ಒಲೆಯಿಂದ ದೂರ ಕುಳಿತು ಕೆಲಸ ಮಾಡಬೇಕು.

3. ಬೇರಿಂಗ್‌ಗಳನ್ನು ಪ್ರತ್ಯೇಕವಾಗಿ ಅದ್ದಿ, ಬೆರಳಿನಿಂದ ತಿರುಗಿಸಿ ನೋಡಬೇಕು. ಒಣಗಿದ ಮೇಲೂ ಕರಕರ ಎಂದರೆ ಅದು ಸವೆದಿದೆ, ಬದಲಿಸುವುದೇ ಲೇಸು.

4. ಎಲ್ಲ ಭಾಗಗಳೂ ಸಂಪೂರ್ಣ ಒಣಗಿದ ಮೇಲೆಯೇ ಎಣ್ಣೆಗೆ ಕೈಹಾಕಬೇಕು.

ಎಲ್ಲಿ ಎಣ್ಣೆ, ಎಲ್ಲಿ ಗ್ರೀಸ್?

ವೇಗವಾಗಿ, ಹಗುರವಾಗಿ ತಿರುಗುವ ಭಾಗಗಳಿಗೆ ಎಣ್ಣೆ. ಭಾರ ಹೊರುವ ಭಾಗಗಳಿಗೆ ಗ್ರೀಸ್. ಹ್ಯಾಂಡಲಿನ ಗುಬ್ಬಿ, ದಾರ ಹಾಯುವ ರೋಲರ್, ದಾರವನ್ನು ಹಿಡಿಯುವ ಕಂಬಿಯ ಕೀಲುಗಳಿಗೆ ತಲಾ ಒಂದು ಹನಿ ಎಣ್ಣೆ ಸಾಕು. ಹಲ್ಲುಚಕ್ರಗಳ ಹಲ್ಲುಗಳಿಗೆ ಗ್ರೀಸಿನ ತೆಳುಲೇಪ ಸಾಕು. ಪೆಟ್ಟಿಗೆಯ ತುಂಬ ಗ್ರೀಸ್ ತುಂಬುವುದು ಚಳಿಗಾಲದ ಬಿಗಿತಕ್ಕೆ ಆಹ್ವಾನವಿತ್ತಂತೆ.

ಒಂದು ಭಾಗದ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ತಡೆಯುವ ಏಕಮುಖ ಬೇರಿಂಗಿನಲ್ಲಿ ಪುಟ್ಟ ಉರುಳೆಗಳನ್ನು ಬಲು ಸೂಕ್ಷ್ಮವಾದ ಸ್ಪ್ರಿಂಗುಗಳು ಒತ್ತಿ ಹಿಡಿದಿರುತ್ತವೆ. ಅಲ್ಲಿ ಗ್ರೀಸ್ ಸೇರಿದರೆ ಚಳಿಯಲ್ಲಿ ಉರುಳೆಗಳು ಅಂಟಿಕೊಳ್ಳುತ್ತವೆ. ದೊಡ್ಡ ಮೀನು ಜಗ್ಗಿದಾಗ ಹ್ಯಾಂಡಲ್ ಏಕಾಏಕಿ ಹಿಂದಕ್ಕೆ ತಿರುಗಿ ಬೆರಳಿಗೆ ಬಡಿಯುತ್ತದೆ. ಈ ಬೇರಿಂಗನ್ನು ಬಹುತೇಕ ಒಣದಾಗಿಯೇ ಇಟ್ಟು, ಅತಿ ತೆಳುವಾದ ಎಣ್ಣೆಯ ಲೇಶವನ್ನಷ್ಟೇ ಸವರಬೇಕು.

ಡ್ರ್ಯಾಗ್ ಮತ್ತು ದಾರ

ಮೀನು ಎಳೆದಾಗ ದಾರವನ್ನು ಹದವಾಗಿ ಬಿಟ್ಟುಕೊಡುವ ವ್ಯವಸ್ಥೆಗೆ ಡ್ರ್ಯಾಗ್ ಎನ್ನುತ್ತಾರೆ. ಇದು ವಾಷರ್‌ಗಳ ಘರ್ಷಣೆಯಿಂದ ನಡೆಯುವುದರಿಂದ ಇಲ್ಲಿ ಎಣ್ಣೆ ಬಿಡಬಾರದು. ಕೆಲವಕ್ಕೆ ಡ್ರ್ಯಾಗ್ ಗ್ರೀಸ್ ಬೇಕು, ಕೆಲವು ಒಣದಾಗಿಯೇ ಇರಬೇಕು. ತಯಾರಕರ ಸೂಚನೆಯನ್ನು ಪಾಲಿಸುವುದು ಸೂಕ್ತ. ಡ್ರ್ಯಾಗ್ ಅಂಟಿಕೊಂಡರೆ ಮೊದಲ ಸೆಳೆತಕ್ಕೇ ದಾರ ತುಂಡಾಗಿ, ಮೀನು ಬಾಯಿಯಲ್ಲಿ ಕೊಕ್ಕೆಯನ್ನೂ ಹಿಂದೆ ದಾರವನ್ನೂ ಎಳೆದುಕೊಂಡು ಹೋಗುತ್ತದೆ. ದಾರ ತಡೆಯಬಲ್ಲ ಭಾರದ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಎಳೆತಕ್ಕೆ ಡ್ರ್ಯಾಗ್ ಸಡಿಲಗೊಳ್ಳುವಂತೆ ಹೊಂದಿಸುವುದು ವಾಡಿಕೆ. ಬಳಸಿದ ನಂತರ ತಿರುಪನ್ನು ಪೂರ್ತಿ ಸಡಿಲಿಸಿಡಬೇಕು. ನೈಲಾನ್ ದಾರ ಚಳಿಯಲ್ಲಿ ಬಿರುಸಾಗಿ ಸುರುಳಿ ಸುತ್ತಿಕೊಳ್ಳುವುದರಿಂದ, ಹೊರಡುವ ಮುನ್ನ ಉಗುರುಬೆಚ್ಚಗಿನ ನೀರಿನಲ್ಲಿ ಕೆಲಹೊತ್ತು ನೆನೆಸಿದರೆ ಮೆದುವಾಗುತ್ತದೆ.

ಪರೀಕ್ಷೆ ಹೇಗೆ?

ಜೋಡಿಸಿದ ರೀಲನ್ನು ಐವತ್ತು ಸುತ್ತು ತಿರುಗಿಸಿ, ಹೊರಬಂದ ಹೆಚ್ಚುವರಿ ಎಣ್ಣೆಯನ್ನು ಒರೆಸಬೇಕು. ಅನಂತರ ಗಾಳಿಯಾಡದ ಚೀಲದಲ್ಲಿಟ್ಟು ಒಂದು ಗಂಟೆ ಫ್ರಿಜ್ಜಿನಲ್ಲಿರಿಸಿ ತಿರುಗಿಸಿ ನೋಡಬಹುದು. ಅಲ್ಲಿನ 4-5 ಡಿಗ್ರಿಯಲ್ಲಿ ಸಲೀಸಾಗಿ ತಿರುಗಿದ ರೀಲು ಕಲಘಟಗಿಯ ಬೆಳಗಿನ ಮಂಜಿಗೆ ಅಂಜಬೇಕಿಲ್ಲ. ಬಿಗಿಯೆನಿಸಿದರೆ ಗ್ರೀಸ್ ಹೆಚ್ಚಾಗಿದೆ ಎಂದರ್ಥ. ಹಿಮಾಚಲದ ಟ್ರೌಟ್ ತೊರೆಗಳಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ನಿಷೇಧವಿದ್ದು, ಮಾರ್ಚ್‌ನಲ್ಲಿ ಅತ್ತ ಹೋಗುವವರಿಗೂ ಈ ಪರೀಕ್ಷೆ ಉಪಯುಕ್ತ. ಪರೀಕ್ಷೆಯ ಬಳಿಕ ಲೋಹದ ಮೇಲೆ ಕೂತ ತೇವವನ್ನು ಒರೆಸಲು ಮರೆಯಬಾರದು.

ಕೆರೆಯ ದಂಡೆಯಲ್ಲಿ ತೊಳೆಯಬೇಡಿ

ನವಲಗುಂದ ಭಾಗದಲ್ಲಿ ಅಂತರ್ಜಲ ಬಹುತೇಕ ಸವುಳು. ಮಲಪ್ರಭಾ ಕಾಲುವೆಯಿಂದ ತುಂಬಿಸಿದ ಕೆರೆಗಳ ನೀರನ್ನೇ ಅನೇಕ ಗ್ರಾಮಗಳು ಕುಡಿಯುತ್ತ ಬಂದಿವೆ. ಕಲಘಟಗಿ ತಾಲೂಕಿನ ನೀರಸಾಗರವು ಹುಬ್ಬಳ್ಳಿಗೆ ನೀರುಣಿಸಲು ನಿರ್ಮಿತವಾದ ಜಲಾಶಯ. ಇಂಥ ದಂಡೆಯಲ್ಲಿ ಸೀಮೆಎಣ್ಣೆ ಸುರಿದು ರೀಲು ತೊಳೆಯುವುದು ಊರಿನ ಕೊಡಕ್ಕೆ ಸೀಮೆಎಣ್ಣೆ ಬೆರೆಸಿದಂತೆಯೇ ಸರಿ. ಶುಚಿಗೊಳಿಸುವ ಕೆಲಸ ಮನೆಯಲ್ಲಿಯೇ ನಡೆಯಲಿ. ಬಳಸಿದ ಸೀಮೆಎಣ್ಣೆಯನ್ನು ಚರಂಡಿಗೆ ಚೆಲ್ಲದೆ ಡಬ್ಬಿಯಲ್ಲಿ ಶೇಖರಿಸಿ ಮುಂದಿನ ಬಾರಿಗೆ ಬಳಸಬಹುದು. ತುಂಡಾದ ದಾರವನ್ನೂ ದಂಡೆಯಲ್ಲಿ ಬಿಡಬಾರದು. ಹಕ್ಕಿಗಳ ಕಾಲಿಗೆ ಅದು ಉರುಳಾಗುತ್ತದೆ.

ಗಾಳ ಹಾಕುವ ಮುನ್ನ ಆ ಕೆರೆಯಲ್ಲಿ ಅದಕ್ಕೆ ಅವಕಾಶವಿದೆಯೇ ಎಂಬುದನ್ನು ಗ್ರಾಮ ಪಂಚಾಯಿತಿ ಅಥವಾ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿಕೊಳ್ಳಬೇಕು. ಅನೇಕ ಕೆರೆಗಳ ಮೀನಿನ ಹಕ್ಕು ಗುತ್ತಿಗೆದಾರರಿಗೆ ಅಥವಾ ಸಹಕಾರ ಸಂಘಗಳಿಗೆ ಸೇರಿರುತ್ತದೆ. ವರ್ಷಕ್ಕೊಮ್ಮೆ ಒಂದು ಮಧ್ಯಾಹ್ನವನ್ನು ರೀಲಿಗಾಗಿ ಮೀಸಲಿಟ್ಟರೆ ಅದು ಹಲವು ಚಳಿಗಾಲ ಬಾಳುತ್ತದೆ.