ಸೊಂಟನೋವು ಮತ್ತು ಸಯಾಟಿಕಾ: ಪೂರಕ ಚಿಕಿತ್ಸೆಗಳನ್ನು ಪರಿಶೀಲಿಸುವ ಕ್ರಮ

ಪೀಠಿಕೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ಭಾಗಗಳಲ್ಲಿ ಬೇಸಾಯದ ದುಡಿಮೆಯ ಬಹುಪಾಲು ಸೊಂಟ ಬಾಗಿಸಿಯೇ ನಡೆಯುವಂಥದ್ದು. ಚುಂಚನಕಟ್ಟೆಯ ನಾಲಾ ಬಯಲಿನಲ್ಲಿ ಭತ್ತದ ನಾಟಿ ಮಾಡುವವರು, ಹೊಗೆಸೊಪ್ಪಿನ ಗಿಡದ ಬುಡದೆಲೆಗಳನ್ನು ಮುರಿಯುವವರು, ಬ್ಯಾರನ್‌ಗೆ ಸೊಪ್ಪು ಏರಿಸುವವರು ಸೊಂಟನೋವಿಗೆ ಒಳಗಾಗುವುದು ಸಾಮಾನ್ಯ. ಇಂಥವರಿಗೆ ಎಣ್ಣೆ ಉಜ್ಜುವುದು, ಕಟಿಬಸ್ತಿ, ಯೋಗ, ಸೂಜಿ ಚಿಕಿತ್ಸೆ, ನಾಟಿ ಔಷಧಿ ಮುಂತಾದ ಹಲವು ಸಲಹೆಗಳು ದೊರೆಯುತ್ತವೆ. ಇವುಗಳಲ್ಲಿ ಯಾವುದನ್ನು, ಯಾವಾಗ, ಯಾರಿಂದ ಪಡೆಯಬಹುದೆಂಬುದನ್ನು ನಿರ್ಧರಿಸಲು ನೆರವಾಗುವ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಸೊಂಟನೋವು ಮತ್ತು ಸಯಾಟಿಕಾ

ಸ್ನಾಯು, ಕೀಲು ಹಾಗೂ ಅಸ್ಥಿರಜ್ಜುಗಳಿಗೆ ಸಂಬಂಧಿಸಿದ ಸಾಮಾನ್ಯ ಸೊಂಟನೋವು ಬೆನ್ನಿನ ಕೆಳಭಾಗಕ್ಕೆ ಸೀಮಿತವಾಗಿರುತ್ತದೆ. ಸಯಾಟಿಕಾದಲ್ಲಿ ನೋವು ಪೃಷ್ಠದಿಂದ ತೊಡೆಯ ಹಿಂಭಾಗದ ಮೂಲಕ ಮೊಣಕಾಲಿನ ಕೆಳಗೂ ಇಳಿಯುತ್ತದೆ. ಜೋಮು ಅಥವಾ ಮರಗಟ್ಟುವಿಕೆಯೂ ಇರಬಹುದು. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಉಬ್ಬಿ ನರದ ಬೇರನ್ನು ಒತ್ತುವುದು ಇದರ ಪ್ರಮುಖ ಕಾರಣ. ಆಯುರ್ವೇದದಲ್ಲಿ ಇದನ್ನು ಹೋಲುವ ವ್ಯಾಧಿಯನ್ನು ಗೃಧ್ರಸಿ ಎಂದು ಕರೆಯಲಾಗಿದೆ. ಒಂದಕ್ಕೆ ಹಿತವಾದ ಚಿಕಿತ್ಸೆ ಇನ್ನೊಂದಕ್ಕೆ ಹಿತವಾಗಬೇಕೆಂದಿಲ್ಲ.

ವಿಳಂಬವಿಲ್ಲದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

1. ಮೂತ್ರ ಕಟ್ಟುವುದು, ಮಲಮೂತ್ರಗಳ ಹತೋಟಿ ತಪ್ಪುವುದು, ತೊಡೆಸಂದು ಹಾಗೂ ಗುದದ್ವಾರದ ಸುತ್ತ ಸ್ಪರ್ಶಜ್ಞಾನ ಕುಂದುವುದು.
2. ಕಾಲಿನ ಬಲ ದಿನೇ ದಿನೇ ಕಡಿಮೆಯಾಗುವುದು, ನಡೆಯುವಾಗ ಪಾದ ಎತ್ತಲಾಗದಿರುವುದು.
3. ಜ್ವರ, ತೂಕ ಇಳಿಕೆ, ಮಲಗಿದರೂ ಕಡಿಮೆಯಾಗದ ರಾತ್ರಿ ನೋವು. ಬೆನ್ನುಮೂಳೆಯ ಕ್ಷಯರೋಗದಲ್ಲಿ ಇವು ಕಾಣಿಸಿಕೊಳ್ಳಬಹುದು.
4. ಮರದಿಂದ ಅಥವಾ ಗಾಡಿಯಿಂದ ಬಿದ್ದ ಬಳಿಕ ಆರಂಭವಾದ ನೋವು. ಹಿಂದೆ ಕ್ಯಾನ್ಸರ್ ಇದ್ದವರಲ್ಲಿ ಹೊಸದಾಗಿ ಕಂಡ ನೋವು.

ಮೊದಲನೆಯ ಲಕ್ಷಣವಿದ್ದಲ್ಲಿ ಅದೇ ದಿನ ಆಸ್ಪತ್ರೆ ಸೇರುವುದು ಅತ್ಯವಶ್ಯಕ. ಬೆನ್ನಹುರಿಯ ಕೆಳತುದಿಯ ನರಗಳ ಗುಚ್ಛ ಒತ್ತಡಕ್ಕೆ ಸಿಲುಕಿದಾಗ ಶಸ್ತ್ರಚಿಕಿತ್ಸೆ ತಡವಾದರೆ ಮೂತ್ರದ ಹತೋಟಿ ಹಾಗೂ ಕಾಲಿನ ಶಕ್ತಿ ಶಾಶ್ವತವಾಗಿ ನಷ್ಟವಾಗುವ ಸಂಭವವಿದೆ. ಇಂತಹ ಸಂದರ್ಭದಲ್ಲಿ ಉಜ್ಜುವುದು, ಬೆನ್ನು ತಿರುಚುವುದು, ತುಳಿಸಿಕೊಳ್ಳುವುದು ಕೂಡದು. 108 ಆಂಬುಲೆನ್ಸ್ ಸೇವೆಯನ್ನು ಉಚಿತವಾಗಿ ಪಡೆಯಬಹುದು.

ನೋವು ಇಳಿದುದಕ್ಕೆ ಚಿಕಿತ್ಸೆಯೇ ಕಾರಣವೆ?

ಹೊಸದಾಗಿ ಬಂದ ಸೊಂಟನೋವು ಬಹುತೇಕ ಜನರಲ್ಲಿ ಸುಮಾರು 6 ವಾರಗಳೊಳಗೆ ತಾನಾಗಿಯೇ ಗಣನೀಯವಾಗಿ ಇಳಿಯುತ್ತದೆ. ಸಯಾಟಿಕಾ ಇನ್ನೂ ಕೆಲವು ವಾರ ತೆಗೆದುಕೊಳ್ಳಬಹುದು. ನೋವು ತೀವ್ರವಾಗಿದ್ದಾಗ ಆರಂಭಿಸಿದ ಯಾವ ಚಿಕಿತ್ಸೆಯಾದರೂ ಈ ಅವಧಿಯಲ್ಲಿ ಫಲ ನೀಡಿದಂತೆಯೇ ತೋರುತ್ತದೆ. ಆದುದರಿಂದ "ಇಂಥವರಿಗೆ ವಾಸಿಯಾಯಿತು" ಎಂಬ ಮಾತು ಪುರಾವೆಯಾಗುವುದಿಲ್ಲ. ಚಿಕಿತ್ಸೆ ಪಡೆದವರು ಪಡೆಯದವರಿಗಿಂತ ಹೆಚ್ಚು ಸುಧಾರಿಸಿದರೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಚಿಕಿತ್ಸೆಗಳ ಬಗ್ಗೆ ಲಭ್ಯವಿರುವ ಪುರಾವೆ

ವ್ಯಾಯಾಮ ಮತ್ತು ಯೋಗ: ದೀರ್ಘಕಾಲದ ಸೊಂಟನೋವಿಗೆ ಕ್ರಮಬದ್ಧ ವ್ಯಾಯಾಮವನ್ನು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ. ಯೋಗದಿಂದ ಅಲ್ಪ ಪ್ರಮಾಣದ ಪ್ರಯೋಜನ ಕಂಡುಬಂದಿದೆ. ಅದು ಬೆನ್ನಿನ ಇತರ ವ್ಯಾಯಾಮಗಳಷ್ಟೇ ಇರುತ್ತದೆ. ಕಾಲಿಗೆ ನೋವು ಇಳಿಯುತ್ತಿರುವವರು ಮುಂದಕ್ಕೆ ಬಾಗುವ ಆಸನಗಳನ್ನು ತಾವಾಗಿಯೇ ಆರಂಭಿಸಬಾರದು.

ಅಂಗಮರ್ದನ ಮತ್ತು ಸೂಜಿ ಚಿಕಿತ್ಸೆ: ಮೇಲಿನ ಮಾರ್ಗಸೂಚಿಯು ಇವುಗಳನ್ನು ಷರತ್ತಿಗೊಳಪಟ್ಟು ಬಳಸಬಹುದೆನ್ನುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆಯು 2016ರ ಮಾರ್ಗಸೂಚಿಯಲ್ಲಿ ಸೊಂಟನೋವು ಹಾಗೂ ಸಯಾಟಿಕಾಕ್ಕೆ ಸೂಜಿ ಚಿಕಿತ್ಸೆ ಬೇಡವೆಂದಿದೆ. ಅಂಗಮರ್ದನವನ್ನು ವ್ಯಾಯಾಮದೊಡನೆ ಮಾತ್ರ ಒಪ್ಪಿದೆ. ಪುರಾವೆ ದುರ್ಬಲವಾಗಿರುವುದೇ ಈ ಭಿನ್ನಾಭಿಪ್ರಾಯಕ್ಕೆ ಕಾರಣ.

ಸೊಂಟಪಟ್ಟಿ ಮತ್ತು ಎಳೆತ (ಟ್ರಾಕ್ಷನ್): ಇವುಗಳನ್ನು ವಾಡಿಕೆಯಾಗಿ ಬಳಸದಿರಲು ಎರಡೂ ಮಾರ್ಗಸೂಚಿಗಳು ತಿಳಿಸಿವೆ.

ಕಟಿಬಸ್ತಿ ಮತ್ತು ಪಂಚಕರ್ಮ: ಕಟಿಬಸ್ತಿಯಲ್ಲಿ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಸೊಂಟದ ಮೇಲೆ ಬೆಚ್ಚಗಿನ ಎಣ್ಣೆಯನ್ನು ನಿಲ್ಲಿಸಲಾಗುತ್ತದೆ. ಕೆಲವರಿಗೆ ಉಪಶಮನ ದೊರೆಯುತ್ತದೆ. ಆದರೆ ಇದುವರೆಗಿನ ಅಧ್ಯಯನಗಳು ಬಹುಮಟ್ಟಿಗೆ ಚಿಕ್ಕವು. ಮಧುಮೇಹದಿಂದ ಸ್ಪರ್ಶಜ್ಞಾನ ಕುಂದಿದವರಿಗೆ ಬಿಸಿಯಿಂದ ಸುಟ್ಟಗಾಯವಾಗುವ ಅಪಾಯವಿದ್ದು, ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು.

ಸೇವಿಸುವ ಔಷಧಿಗಳು: ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಪದಾರ್ಥಗಳ ಪಟ್ಟಿ ಇಲ್ಲದ ಪುಡಿ ಅಥವಾ ಗುಳಿಗೆಗಳನ್ನು ಸ್ವೀಕರಿಸಬಾರದು. ವತ್ಸನಾಭಿ, ಕಾಸರಕ, ಗೇರುಬೀಜ (ಭಲ್ಲಾತಕ) ಮುಂತಾದ ವಿಷದ್ರವ್ಯಗಳಿರುವ ಔಷಧಿಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕು. ಒಂದೆರಡು ದಿನಗಳಲ್ಲೇ ನೋವು ಪೂರ್ಣ ಮಾಯವಾಗಿಸುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆ ಇರುತ್ತದೆ. ಇದು ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಕಾಲಾನಂತರ ಮೂಳೆಗಳನ್ನು ಟೊಳ್ಳಾಗಿಸುತ್ತದೆ.

ಚಿಕಿತ್ಸೆ ಆರಂಭಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ನೋವಿನ ಕಾರಣವನ್ನು ಪರೀಕ್ಷಿಸಿ ನಿರ್ಧರಿಸಲಾಗಿದೆಯೆ?
2. ಚಿಕಿತ್ಸೆ ನೀಡುವವರು ನೋಂದಾಯಿತ ವೈದ್ಯರೆ? ಖಾಸಗಿ ಚಿಕಿತ್ಸಾಲಯವು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ನೋಂದಣಿಯಾಗಿದೆಯೆ?
3. ಎಷ್ಟು ದಿನಗಳ ಚಿಕಿತ್ಸೆ, ಒಟ್ಟು ವೆಚ್ಚ ಎಷ್ಟು?
4. ಎಷ್ಟು ದಿನಗಳಲ್ಲಿ ಸುಧಾರಣೆ ಕಾಣದಿದ್ದರೆ ಚಿಕಿತ್ಸೆ ನಿಲ್ಲಿಸಲಾಗುವುದು?

ಪೂರ್ತಿ ವಾಸಿಯ ಖಾತರಿ ನೀಡಿ ಇಡೀ ಹಣವನ್ನು ಮುಂಗಡವಾಗಿ ಕೇಳುವಲ್ಲಿ ಎಚ್ಚರ ವಹಿಸತಕ್ಕದ್ದು. ಚಿಕಿತ್ಸೆಯ ಅವಧಿಯಲ್ಲಿ ಎಷ್ಟು ದೂರ ನಡೆಯಲಾಗುತ್ತದೆ, ಎಷ್ಟು ಹೊತ್ತು ಕೂರಲಾಗುತ್ತದೆ ಎಂಬುದನ್ನು ವಾರಕ್ಕೊಮ್ಮೆ ಬರೆದಿಟ್ಟುಕೊಂಡರೆ ಸುಧಾರಣೆಯನ್ನು ಅಳೆಯಲು ಸಾಧ್ಯ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ಕ್ಷಯರೋಗಕ್ಕೆ ಸೇವಿಸುತ್ತಿರುವ ಔಷಧಿಗಳನ್ನು ಪೂರಕ ಚಿಕಿತ್ಸೆಗಾಗಿ ನಿಲ್ಲಿಸಬಾರದು.

ಸೇವೆ ದೊರೆಯುವ ಸ್ಥಳಗಳು

ಮೊದಲ ತಪಾಸಣೆಯನ್ನು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯಲ್ಲಿ ಮಾಡಿಸಿಕೊಳ್ಳಬಹುದು. ತಜ್ಞರ ಸೇವೆ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಲಭ್ಯವಿದೆ. ಆಯುರ್ವೇದ ಚಿಕಿತ್ಸೆಗೆ 1908ರಲ್ಲಿ ಆರಂಭವಾದ ಮೈಸೂರಿನ ಸರ್ಕಾರಿ ಆಯುರ್ವೇದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನೂ, ಯೋಗ ಚಿಕಿತ್ಸೆಗೆ ಮೈಸೂರಿನ ಸರ್ಕಾರಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ಕಾಲೇಜನ್ನೂ ಸಂಪರ್ಕಿಸಬಹುದಾಗಿದೆ. ಹೋಗುವಾಗ ಆಧಾರ್, ಪಡಿತರ ಚೀಟಿ, ಹಿಂದಿನ ತಪಾಸಣಾ ವರದಿಗಳು ಹಾಗೂ ಸೇವಿಸುತ್ತಿರುವ ಎಲ್ಲ ಔಷಧಿಗಳನ್ನು ಜೊತೆಗೆ ತರತಕ್ಕದ್ದು. ನಾಟಿ ಔಷಧಿ ಸೇವಿಸಿದ್ದಲ್ಲಿ ಅದನ್ನು ಮರೆಮಾಚದೆ ವೈದ್ಯರಿಗೆ ತಿಳಿಸುವುದು ರೋಗಿಯ ಹಿತಕ್ಕೇ ಅನುಕೂಲ.

ಖಾಸಗಿ ವೈದ್ಯಕೀಯ ಸಂಸ್ಥೆಗಳ ವಿರುದ್ಧದ ದೂರುಗಳನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ರಸೀದಿಗಳೊಂದಿಗೆ ಲಿಖಿತವಾಗಿ ಸಲ್ಲಿಸಬಹುದು.