ಸ್ಪೋರ್ಟ್ಸ್ ಬೈಕ್ ಸವಾರಿ: ಹ್ಯಾಂಡಲ್ ಹೊಂದಿಸಿಕೊಂಡರೆ ಮಣಿಕಟ್ಟಿಗೆ ನೆಮ್ಮದಿ

ಬೆಂಗಳೂರು: ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ದಾರಿಯಲ್ಲಿ ಹಿತವೆನಿಸಿದ ಬೈಕು, ಸೋಮವಾರ ಬೆಳಿಗ್ಗೆ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವಷ್ಟರಲ್ಲಿ ಮಣಿಕಟ್ಟು, ಕುತ್ತಿಗೆ ಹಾಗೂ ಸೊಂಟಕ್ಕೆ ಶಿಕ್ಷೆಯಾಗಿ ಪರಿಣಮಿಸುತ್ತದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯದ ಕಚೇರಿ, ಕಾರ್ಖಾನೆಗಳಿಗೆ ಸ್ಪೋರ್ಟ್ಸ್ ಬೈಕ್‌ನಲ್ಲಿ ನಿತ್ಯ ಓಡಾಡುವ ಅನೇಕರ ಅನುಭವವಿದು. ದೋಷ ಬೈಕಿನದಲ್ಲ. ಅದು ರೂಪುಗೊಂಡ ಉದ್ದೇಶವೇ ಬೇರೆ, ಅದು ಓಡುವ ರಸ್ತೆಯೇ ಬೇರೆ. ಹ್ಯಾಂಡಲ್ ಮತ್ತು ಲಿವರ್‌ಗಳನ್ನು ಸವಾರನ ಮೈಕಟ್ಟಿಗೆ ಹೊಂದಿಸಿಕೊಂಡರೆ ಈ ತೊಂದರೆಯನ್ನು ಬಹುಮಟ್ಟಿಗೆ ತಗ್ಗಿಸಬಹುದು. ಆದರೆ ಹ್ಯಾಂಡಲ್ ಎಂಬುದು ಬೈಕಿನ ಚುಕ್ಕಾಣಿ. ಇಲ್ಲಿ ಸಡಿಲವಾಗಿ ಉಳಿದ ಒಂದು ಬೋಲ್ಟು ಜೀವಕ್ಕೇ ಕುತ್ತು ತರಬಲ್ಲದು.

ಏನಿದು ಕ್ಲಿಪ್-ಆನ್?

ಸಾಮಾನ್ಯ ಬೈಕುಗಳಲ್ಲಿ ಹ್ಯಾಂಡಲ್ ಎಡದಿಂದ ಬಲಕ್ಕೆ ಹಾಯುವ ಒಂದೇ ಕೊಳವೆ. ಮುಂಗಾಲಿನ ಫೋರ್ಕ್‌ಗಳನ್ನು ಹಿಡಿದಿಡುವ ಪ್ಲೇಟಿನ ಮೇಲೆ ಅದು ಕುಳಿತಿರುತ್ತದೆ. ಸ್ಪೋರ್ಟ್ಸ್ ಬೈಕ್‌ಗಳಲ್ಲಿ ಹ್ಯಾಂಡಲ್ ಎರಡು ಪ್ರತ್ಯೇಕ ತುಂಡುಗಳಾಗಿದ್ದು, ಎಡ ಹಾಗೂ ಬಲ ಫೋರ್ಕ್ ಕೊಳವೆಗಳನ್ನು ಬಳೆಯಂತೆ ಬಿಗಿದು ಹಿಡಿದಿರುತ್ತವೆ. ಇವೇ ಕ್ಲಿಪ್-ಆನ್‌ಗಳು. ಇವು ತಗ್ಗಾಗಿರುವುದರಿಂದ ಸವಾರ ಮುಂದಕ್ಕೆ ಬಾಗಿ ಕುಳಿತುಕೊಳ್ಳಬೇಕಾಗುತ್ತದೆ. ವೇಗದಲ್ಲಿ ಗಾಳಿಯ ತಡೆ ಕಡಿಮೆಯಾಗಲಿ, ಮುಂಗಾಲಿನ ಮೇಲೆ ಭಾರ ಬೀಳಲಿ ಎಂಬುದೇ ಇದರ ಉದ್ದೇಶ.

ದೇಶದ ಮಾರುಕಟ್ಟೆಗೆ 2008ರಲ್ಲಿ ಬಂದ ಯಮಹಾ ಆರ್15 ಈ ಬಗೆಯ ಆಸನ ಭಂಗಿಯನ್ನು 150 ಸಿಸಿ ಬೈಕಿನ ಸವಾರರಿಗೂ ಪರಿಚಯಿಸಿತು. ಎಲೆಕ್ಟ್ರಾನಿಕ್ ಸಿಟಿಯಿಂದ ಅತ್ತಿಬೆಲೆ ದಾಟಿದರೆ ಸಿಗುವ ಹೊಸೂರಿನ ಟಿವಿಎಸ್ ಕಂಪನಿಯು 2017ರ ಡಿಸೆಂಬರ್‌ನಲ್ಲಿ ಅಪಾಚೆ ಆರ್‌ಆರ್ 310 ಬಿಡುಗಡೆ ಮಾಡಿತು. ಇದೇ ಬೈಕಿಗೆ 2021ರಲ್ಲಿ ಕಂಪನಿಯೇ ಒದಗಿಸಿದ ರೇಸ್ ಕಿಟ್‌ನಲ್ಲಿ ಹ್ಯಾಂಡಲ್ ಇನ್ನೂ ತಗ್ಗಿಗೆ ಇಳಿದು, ಫುಟ್‌ರೆಸ್ಟ್ ಮೇಲೇರಿತು. ಭಂಗಿ ಎಂಬುದು ಬಳಕೆಗೆ ತಕ್ಕಂತೆ ಬದಲಾಗಬೇಕಾದದ್ದು ಎಂಬುದಕ್ಕೆ ಇದು ಸಾಕ್ಷಿ.

ನೋವು ಏಕೆ?

ಹೆದ್ದಾರಿಯ ವೇಗದಲ್ಲಿ ಎದುರುಗಾಳಿ ಎದೆಯನ್ನು ಹಿಂದಕ್ಕೆ ಒತ್ತಿ, ಮೇಲ್ಮೈ ಭಾರದ ಒಂದು ಪಾಲನ್ನು ಹೊತ್ತುಕೊಳ್ಳುತ್ತದೆ. ಟಿನ್ ಫ್ಯಾಕ್ಟರಿ ಅಥವಾ ಗೊರಗುಂಟೆಪಾಳ್ಯದ ದಟ್ಟಣೆಯಲ್ಲಿ ಆಮೆಗತಿಯಲ್ಲಿ ಸಾಗುವಾಗ ಈ ಆಸರೆ ಇರುವುದಿಲ್ಲ. ಇಡೀ ಭಾರ ಅಂಗೈ ಮೇಲೆ ಬೀಳುತ್ತದೆ. ಜತೆಗೆ ಹೆಜ್ಜೆಹೆಜ್ಜೆಗೂ ಕ್ಲಚ್ ಹಿಡಿಯಬೇಕು, ರಸ್ತೆಯುಬ್ಬುಗಳಲ್ಲಿ ಬ್ರೇಕ್ ಒತ್ತಬೇಕು. ಬೆನ್ನಿಗೆ ಲ್ಯಾಪ್‌ಟಾಪ್ ಚೀಲವಿದ್ದರೆ ಹೊರೆ ಮತ್ತಷ್ಟು ಹೆಚ್ಚುತ್ತದೆ.

ಮಣಿಕಟ್ಟು ಹಿಂದಕ್ಕೆ ಮಡಿದ ಸ್ಥಿತಿಯಲ್ಲಿ ದೀರ್ಘಕಾಲ ಒತ್ತಡಕ್ಕೆ ಸಿಲುಕಿದರೆ ಅಲ್ಲಿನ ನರ ಒತ್ತಿಹೋಗಿ ಹೆಬ್ಬೆರಳು, ತೋರುಬೆರಳು ಮತ್ತು ಮಧ್ಯದ ಬೆರಳು ಜೋಮು ಹಿಡಿಯುತ್ತವೆ. ದಿನವಿಡೀ ಕೀಬೋರ್ಡ್ ಬಳಸುವವರು ಇದನ್ನು ಕಡೆಗಣಿಸುವಂತಿಲ್ಲ. ಬೈಕಿನಿಂದ ಇಳಿದ ಮೇಲೂ ಜೋಮು ಉಳಿದರೆ ಅಥವಾ ರಾತ್ರಿ ಎಚ್ಚರವಾಗುವಷ್ಟು ಬಾಧಿಸಿದರೆ ಮೆಕ್ಯಾನಿಕ್‌ಗಿಂತ ಮೊದಲು ವೈದ್ಯರನ್ನು ಕಾಣುವುದು ಒಳಿತು.

ಖರ್ಚಿಲ್ಲದ ಮೊದಲ ಹೆಜ್ಜೆ

ಸ್ಪ್ಯಾನರ್ ಹಿಡಿಯುವ ಮುನ್ನ ಕುಳಿತುಕೊಳ್ಳುವ ಬಗೆಯನ್ನು ತಿದ್ದಿಕೊಳ್ಳಬೇಕು. ಮಂಡಿಗಳಿಂದ ಪೆಟ್ರೋಲ್ ಟ್ಯಾಂಕನ್ನು ಹಿತವಾಗಿ ಒತ್ತಿ ಹಿಡಿದು, ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳಿಂದ ಮೈಭಾರ ಹೊತ್ತರೆ ಕೈಗಳು ಹಗುರಾಗುತ್ತವೆ. ಮೊಣಕೈ ತುಸು ಮಡಿದಿರಬೇಕು. ತೋಳು ಕೋಲಿನಂತೆ ನೆಟ್ಟಗಿದ್ದರೆ ಗುಂಡಿಯ ಪ್ರತಿ ಏಟೂ ಭುಜಕ್ಕೆ ತಲುಪುತ್ತದೆ. ಹಿಡಿಯನ್ನು ಬಿಗಿಯಾಗಿ ಅವುಚುವ ಅಭ್ಯಾಸ ಬಿಡಬೇಕು.

ಲಿವರ್ ಕೋನ

ಎರಡನೆಯದು ಕ್ಲಚ್ ಹಾಗೂ ಬ್ರೇಕ್ ಲಿವರ್‌ಗಳ ಕೋನ. ಬೈಕನ್ನು ಸಮತಟ್ಟಾದ ಜಾಗದಲ್ಲಿ ನೇರವಾಗಿ ನಿಲ್ಲಿಸಿ, ಇನ್ನೊಬ್ಬರು ಹಿಡಿದುಕೊಂಡಿರುವಾಗ ಎಂದಿನ ಭಂಗಿಯಲ್ಲಿ ಕುಳಿತು ಬೆರಳುಗಳನ್ನು ಚಾಚಬೇಕು. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ನೇರ ರೇಖೆಯಿದ್ದು, ಬೆರಳುಗಳು ಲಿವರ್ ಮೇಲೆ ತಾವಾಗಿ ಕೂರಬೇಕು. ಲಿವರ್ ಮುಟ್ಟಲು ಮಣಿಕಟ್ಟನ್ನು ಮೇಲೆತ್ತಬೇಕಾಗಿ ಬಂದರೆ ಲಿವರ್ ಹಿಡಿಕೆಯ ಬೋಲ್ಟ್ ಸ್ವಲ್ಪ ಸಡಿಲಿಸಿ ಕೆಳಕ್ಕೆ ತಿರುಗಿಸಿ ಮತ್ತೆ ಬಿಗಿಯಬೇಕು. ಬ್ರೇಕ್ ಆಯಿಲ್ ಡಬ್ಬಿ ಹ್ಯಾಂಡಲ್ ಮೇಲೇ ಇದ್ದರೆ ಅದು ಅತಿಯಾಗಿ ವಾಲದಂತೆ ಎಚ್ಚರ ವಹಿಸಬೇಕು. ಆಯಿಲ್ ಮಟ್ಟ ಕಡಿಮೆಯಿದ್ದು ಡಬ್ಬಿ ವಾಲಿದರೆ ಬ್ರೇಕ್ ನಾಳಕ್ಕೆ ಗಾಳಿ ಸೇರುವ ಸಾಧ್ಯತೆ ಇದೆ. ಕ್ಲಚ್ ಲಿವರ್ ತುದಿಯ ಸಡಿಲಿಕೆ ಹಲವು ಬೈಕುಗಳಲ್ಲಿ 10ರಿಂದ 15 ಮಿ.ಮೀ. ಇದ್ದು, ನಿಖರ ಅಳತೆ ಬೈಕಿನ ಕೈಪಿಡಿಯಲ್ಲಿರುತ್ತದೆ. ಅನೇಕರ ನೋವು ಇಷ್ಟಕ್ಕೇ ಶಮನವಾಗುತ್ತದೆ.

ಎತ್ತರ ಬದಲಿಸುವಾಗ

ಕ್ಲಿಪ್-ಆನ್‌ಗಳನ್ನು ಮೇಲೆ-ಕೆಳಗೆ ಸರಿಸಲು ಎಲ್ಲ ಬೈಕುಗಳಲ್ಲೂ ಅವಕಾಶವಿಲ್ಲ. ಕೆಲವು ಬೈಕುಗಳಲ್ಲಿ ಅವು ತಿರುಗದಂತೆ ಪ್ಲೇಟಿಗೆ ಕಚ್ಚಿಕೊಳ್ಳುವ ಗೂಟವೊಂದಿರುತ್ತದೆ. ಇದನ್ನು ಅರದಿಂದ ಉಜ್ಜಿ ತೆಗೆಯುವುದು ಅಪಾಯಕಾರಿ. ಕ್ಲಿಪ್-ಆನ್‌ಗೆ ಜಾಗ ಮಾಡಲೆಂದು ಫೋರ್ಕ್ ಕೊಳವೆಗಳನ್ನು ಪ್ಲೇಟಿನಿಂದ ಮೇಲಕ್ಕೆ ಎಳೆಯುವ ಪದ್ಧತಿಯೂ ಉಂಟು. ಹೀಗೆ ಮಾಡಿದರೆ ಬೈಕಿನ ಮೂತಿ ತಗ್ಗಿ, ಹ್ಯಾಂಡಲ್ ಚುರುಕಾಗಿ, ವೇಗದಲ್ಲಿ ಸ್ಥಿರತೆ ಕುಂದುತ್ತದೆ.

ಕಂಪನಿ ಅವಕಾಶ ಕೊಟ್ಟಿರುವ ಬೈಕುಗಳಲ್ಲಿ ಒಂದು ಬದಿ ಮುಗಿದ ಮೇಲಷ್ಟೇ ಇನ್ನೊಂದು ಬದಿಗೆ ಕೈಹಾಕಬೇಕು. ಮೊದಲ ಸ್ಥಾನವನ್ನು ಬಣ್ಣದ ಗೆರೆಯಿಂದ ಗುರುತಿಸಿಕೊಂಡು, ಎರಡೂ ಬದಿಯ ಎತ್ತರವನ್ನು ಸ್ಕೇಲಿನಿಂದ ಅಳೆಯಬೇಕು. ಬೋಲ್ಟ್‌ಗಳನ್ನು ಕೈಪಿಡಿಯ ಅಳತೆಗೆ ತಕ್ಕಂತೆ ಟಾರ್ಕ್ ವ್ರೆಂಚ್‌ನಿಂದ ಬಿಗಿಯಬೇಕು. ಕಡಿಮೆ ಬಿಗಿದರೆ ಬ್ರೇಕ್ ಹಾಕಿದಾಗ ಹ್ಯಾಂಡಲ್ ತಿರುಗುತ್ತದೆ, ಅತಿಯಾಗಿ ಬಿಗಿದರೆ ಅಲ್ಯೂಮಿನಿಯಂನ ಮರೆ ಕಿತ್ತುಹೋಗುತ್ತದೆ.

ಎತ್ತರದ ಹ್ಯಾಂಡಲ್ ಹೊಸದಾಗಿ ಕೂರಿಸಿದಲ್ಲಿ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಬ್ರೇಕ್ ಹೋಸ್ ಮತ್ತು ವೈರುಗಳ ಉದ್ದ ಸಾಲದೆ ಹೋಗಬಹುದು. ಹೋಸ್ ಬದಲಿಸಿದರೆ ಬ್ರೇಕ್ ವ್ಯವಸ್ಥೆಯಿಂದ ಗಾಳಿ ಹೊರತೆಗೆಯುವುದು ಕಡ್ಡಾಯ. ಎಬಿಎಸ್ ಇರುವ ಬೈಕುಗಳಲ್ಲಿ ಈ ಕೆಲಸವನ್ನು ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಬಿಡುವುದು ಲೇಸು.

ರಸ್ತೆಗಿಳಿಯುವ ಮುನ್ನ

* ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದಾಗ ಹೆಬ್ಬೆರಳು ಟ್ಯಾಂಕಿಗೆ ಸಿಲುಕಬಾರದು, ಹ್ಯಾಂಡಲ್ ಫೇರಿಂಗ್‌ಗೆ ತಾಗಬಾರದು.
* ಯಾವುದೇ ಕೇಬಲ್, ಹೋಸ್ ಅಥವಾ ವೈರು ಬಿಗಿಯಾಗಿ ಎಳೆದುಕೊಳ್ಳಬಾರದು.
* ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇಟ್ಟು ಹ್ಯಾಂಡಲ್ ತಿರುಗಿಸಿದಾಗ ಎಂಜಿನ್ ವೇಗ ಏರಬಾರದು. ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯಲ್ಪಡುತ್ತಿದೆ ಎಂದೇ ಅರ್ಥ.
* ಆಕ್ಸಿಲರೇಟರ್ ಬಿಟ್ಟೊಡನೆ ತಾನಾಗಿ ಹಿಂದಿರುಗಬೇಕು.
* ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು ಬೈಕನ್ನು ಮುಂದೆ ನೂಕಿದಾಗ ಹ್ಯಾಂಡಲ್ ಕದಲಬಾರದು.

ಇವೆಲ್ಲ ಸರಿಯಿದ್ದರೆ ಮೊದಲು ವಾಹನ ಸಂಚಾರವಿಲ್ಲದ ಜಾಗದಲ್ಲಿ ನಿಧಾನವಾಗಿ ಓಡಿಸಿ ನೋಡಬೇಕು. ಒಂದೆರಡು ದಿನಗಳ ಬಳಿಕ ಬೋಲ್ಟ್‌ಗಳ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ಕಾನೂನು ಏನೆನ್ನುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ನಮೂದಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯು ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿದೆ. ಕೈಪಿಡಿಯ ಮಿತಿಯೊಳಗೆ ಲಿವರ್, ಹ್ಯಾಂಡಲ್ ಹೊಂದಿಸಿಕೊಳ್ಳುವುದು ಬೇರೆ, ಬೇರೊಂದು ಹ್ಯಾಂಡಲನ್ನೇ ಕೂರಿಸುವುದು ಬೇರೆ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋಗುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು, ವಿಮೆ ಮತ್ತು ವಾರಂಟಿ ಷರತ್ತುಗಳನ್ನು ಓದುವುದು ಜಾಣತನ.

ಕೊಳ್ಳುವ ಮುನ್ನ ಯೋಚಿಸಿ

ಹೊಸ ಬೈಕ್ ಕೊಳ್ಳುವವರಿಗೆ ಸುಲಭದ ದಾರಿಯೊಂದಿದೆ. ಆರ್15 ಬೈಕಿನ ಎಂಜಿನ್ ಆಧರಿಸಿದ ಎಂಟಿ-15 2019ರಲ್ಲೂ, ಆರ್‌ಆರ್ 310ರ ಸೋದರನಂತಿರುವ ಆರ್‌ಟಿಆರ್ 310 2023ರಲ್ಲೂ ಬಂದವು. ಎರಡರಲ್ಲೂ ಹ್ಯಾಂಡಲ್ ಅಗಲವಾಗಿ, ಎತ್ತರದಲ್ಲಿದೆ. ಷೋರೂಂ ಮುಂದೆ ಐದು ನಿಮಿಷ ಕುಳಿತು ನೋಡುವುದಕ್ಕಿಂತ, ಸಂಜೆ ಕಚೇರಿ ಬಿಡುವ ಹೊತ್ತಿನ ದಟ್ಟಣೆಯಲ್ಲಿ ಅರ್ಧ ಗಂಟೆ ಓಡಿಸಿ ನೋಡಿದರೆ ಯಾವ ಬೈಕು ತಮಗೆ ತಕ್ಕದ್ದು ಎಂಬುದನ್ನು ಮಣಿಕಟ್ಟೇ ಹೇಳುತ್ತದೆ.