ಹುಣ್ಣು ಮಾಯಿತು, ರೋಗ ಹೋಯಿತೇನು?

ನಮ್ಮ ಕಡೆ ಗರಮಿ ಅಂತಾರ, ಹಳಬರು ಪರಂಗಿ ರೋಗ ಅಂತಿದ್ದರು, ಡಾಕ್ಟರು ಸಿಫಿಲಿಸ್ ಅಂತಾರೆ. ಪರಂಗಿಯವರು ಅಂದರೆ ಪೋರ್ತುಗೀಜರು. ಅವರ ಹಡಗು ೧೪೯೮ರಲ್ಲಿ ನಮ್ಮ ದಂಡೆಗೆ ಬಂತು, ಅವರ ಹೆಸರೇ ರೋಗಕ್ಕೂ ಅಂಟಿತು. ೧೬ನೇ ಶತಮಾನದ ಭಾವಮಿಶ್ರ ಎಂಬ ವೈದ್ಯರು ‘ಭಾವಪ್ರಕಾಶ’ದಲ್ಲಿ ಇದನ್ನು ಫಿರಂಗ ರೋಗ ಎಂದೇ ಬರೆದು, ಪಾದರಸದ ಮದ್ದು ಹೇಳಿದ್ದಾರೆ.

ಈ ರೋಗದ ಮೋಸ ಏನಂದರೆ, ಮದ್ದು ಮಾಡದಿದ್ದರೂ ಮೊದಲಿನ ಹುಣ್ಣು ಕೆಲವು ವಾರದಾಗ ತಾನೇ ಮಾಯುತ್ತದೆ. ರೋಗ ಮಾತ್ರ ಮೈಯೊಳಗೇ ಉಳಿಯುತ್ತದೆ. ಹೊಲದಾಗಿನ ಕರಕಿ ಮ್ಯಾಲೆ ಕೊಯ್ದರೆ ಬೇರು ಹೋಗುವುದಿಲ್ಲ, ಹಂಗೇ ಇದು.

ಬ್ರಿಟಿಷರು ೧೮೬೮ರಲ್ಲಿ ಇದಕ್ಕಂತ ಒಂದು ಕಾಯ್ದೆ ತಂದರು. ಧಂದೆ ಮಾಡುವ ಹೆಂಗಸರ ಹೆಸರು ಬರೆದುಕೊಂಡು, ಮೈ ತಪಾಸಣೆ ಮಾಡಿ, ರೋಗ ಕಂಡರೆ ‘ಲಾಕ್ ಹಾಸ್ಪಿಟಲ್’ ಎಂಬ ದವಾಖಾನೆಯಲ್ಲಿ ಹಿಡಿದಿಡುತ್ತಿದ್ದರು. ದಂಡು ಇದ್ದ ಬೆಂಗಳೂರು, ಬಳ್ಳಾರಿಯಲ್ಲೂ ಅಂಥ ದವಾಖಾನೆ ಇದ್ದವು. ಕಾಯ್ದೆ ಹೆಂಗಸರಿಗಷ್ಟೇ, ಅವರ ಹತ್ತಿರ ಬಂದ ಗಂಡಸರಿಗಿಲ್ಲ! ಹೆಂಗಸರು ಅಂಜಿ ತಪ್ಪಿಸಿಕೊಂಡರು. ಒಬ್ಬರಿಗೆ ಮದ್ದು ಕೊಟ್ಟು ಜೊತೆಯವರನ್ನು ಬಿಟ್ಟರೆ ರೋಗ ತಿರುಗಿ ಬರದೆ ಇದ್ದೀತೆ? ೧೮೮೮ರಲ್ಲಿ ಆ ಕಾಯ್ದೆ ರದ್ದಾಯಿತು.

೧೯೦೬ರಲ್ಲಿ ಜರ್ಮನಿಯ ವಾಸರ್ಮನ್ ರಕ್ತ ಪರೀಕ್ಷೆ ಕಂಡುಹಿಡಿದರು. ಹುಣ್ಣಿಲ್ಲದವರ ಮೈಯಾಗಿನ ರೋಗವೂ ಆಗ ತಿಳಿಯಿತು. ೧೯೪೩ರಲ್ಲಿ ಅಮೆರಿಕದ ಮಹೋನಿ ಪೆನಿಸಿಲಿನ್ ಕೊಟ್ಟು ಗರಮಿ ವಾಸಿ ಮಾಡಿದರು. ಇಂದಿಗೂ ಅದೇ ಸೂಜಿಮದ್ದು.

ಆದರೆ ಸೂಜಿ ಹಾಕಿಸಿಕೊಂಡ ದಿನಕ್ಕೆ ಕೆಲಸ ಮುಗಿಯಲಿಲ್ಲ. ೬ ತಿಂಗಳಿಗೆ, ೧೨ ತಿಂಗಳಿಗೆ ರಕ್ತ ತಿರುಗಿ ತೋರಿಸಬೇಕು. ಚೀಟಿಯಲ್ಲಿ ೧:೩೨ ಇದ್ದದ್ದು ೧:೮ಕ್ಕೆ ಇಳಿದರೆ ಮದ್ದು ಹತ್ತಿತು ಅಂತ ಲೆಕ್ಕ. ಇಳಿಯದಿದ್ದರೆ, ಇಲ್ಲವೆ ತಿರುಗಿ ಏರಿದರೆ, ಡಾಕ್ಟರು ಮತ್ತೆ ನೋಡಬೇಕು. ಗಂಡನಿಗೆ ಇದ್ದರೆ ಹೆಂಡತಿಯನ್ನೂ ತೋರಿಸಬೇಕು, ಇಬ್ಬರದೂ ಮದ್ದು ಮುಗಿದು ಡಾಕ್ಟರು ಹೇಳುವ ತನಕ ಕೂಡಬಾರದು. ಬಸುರಿಗೆ ಇದ್ದರೆ ಹೊಟ್ಟೆಯೊಳಗಿನ ಕೂಸಿಗೂ ತಾಗುತ್ತದೆ.

ನಮ್ಮ ಇಚಲಕರಂಜಿ ಮಗ್ಗದ ಊರು. ಒಂದು ಪಾಳಿ ತಪ್ಪಿದರೆ ಆ ದಿನದ ಪಗಾರ ಹೋಯಿತು. ನೋವಿಲ್ಲದ ರೋಗಕ್ಕೆ ಯಾರು ಪಾಳಿ ಬಿಟ್ಟಾರು? ಅದರ ಮ್ಯಾಲೆ ನಾಚಿಕೆ ಬೇರೆ.

ಆ ನಾಚಿಕೆ ಮುರಿದವರು ಪಕ್ಕದ ಸಾಂಗಲಿಯಲ್ಲಿದ್ದಾರೆ. ಅಲ್ಲಿ ೧೯೯೨ರಲ್ಲಿ ‘ಸಂಗ್ರಾಮ’ ಸಂಸ್ಥೆ ಹುಟ್ಟಿತು. ೧೯೯೬ರಲ್ಲಿ ಧಂದೆಯ ಹೆಂಗಸರೇ ‘ವೇಶ್ಯಾ ಅನ್ಯಾಯ ಮುಕ್ತಿ ಪರಿಷದ್’ ಕಟ್ಟಿದರು. ಅವರೊಳಗೆ ನಮ್ಮ ಕನ್ನಡದ ಅಕ್ಕತಂಗಿಯರೂ ಇದ್ದಾರೆ. ಕಾಯ್ದೆ ಹಿಡಿದು ಎಳೆದಾಗ ಓಡಿದ ಹೆಂಗಸರೇ ಗೆಳತಿ ಕರೆದಾಗ ದವಾಖಾನೆಗೆ ಬಂದರು. ಈ ನೂರು ವರ್ಷದ ಕತೆಯಿಂದ ನಾನು ತಿಳಿದದ್ದು ಇದೇ: ಎರಡನೇ ಸಲ ದವಾಖಾನೆಯ ಮೆಟ್ಟಿಲು ಹತ್ತಿಸುವುದು ಅಂಜಿಕೆ ಅಲ್ಲ, ಜೊತೆಗೆ ಬರುವ ಒಬ್ಬ ಮನುಷ್ಯ.